ಕೋಸಿನ ಸೀಮೆಯ ತಣ್ಣನೆ ಪಾಸ್ತಾ

ಹಸಿ ಮೊಟ್ಟೆಯಿಂದ ಮಾಡಿದ ಮಯೊನೇಸ್ ಮೇಲೆ ತಮಿಳುನಾಡು ಸರ್ಕಾರ 2025ರ ಏಪ್ರಿಲ್ 8ರಿಂದ ಒಂದು ವರ್ಷದ ನಿಷೇಧ ಹೇರಿತು. ತಯಾರಿಸುವಂತಿಲ್ಲ, ದಾಸ್ತಾನು ಮಾಡುವಂತಿಲ್ಲ, ಮಾರುವಂತಿಲ್ಲ ಎಂದಿತು. ಕೇರಳ 2023ರ ಜನವರಿಯಲ್ಲೇ ಇಂಥ ಹೆಜ್ಜೆ ಇಟ್ಟಿತ್ತು, ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ. ಪೇಟೆಯ ಶವರ್ಮಾ ಅಂಗಡಿಗಳಿಗೆ ಹೆಚ್ಚು ತಟ್ಟಿದ ತಮಿಳುನಾಡಿನ ಆ ಆದೇಶ ದಿಂಬದ ಘಾಟಿಯ 27 ತಿರುವು ಹತ್ತಿ ತಾಳವಾಡಿ ಬೆಟ್ಟಕ್ಕೂ ಬಂತು. ಬೆಟ್ಟದ ಮೇಲಿನ ಜೀರಹಳ್ಳಿಯಲ್ಲಿ ಆಡುವ ಮಾತು ಕನ್ನಡವಾದರೂ ಜಿಲ್ಲೆ ಈರೋಡ್ ತಾನೆ?

ಮನೆಯಡುಗೆಗೆ ಆ ಆದೇಶ ಅನ್ವಯಿಸಲಿಲ್ಲ, ನಿಜ. ಆದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಗಡಿಯ ಪರವಾನಗಿ ನೋಡಿಕೊಂಡು ಬರುವುದಿಲ್ಲ. ಈ ಮಾತು ಯಾಕೆ ಬಂತೆಂದರೆ, ಬೇಸಿಗೆ ರಜೆಗೆ ಊರಿಗೆ ಬರುವ ಮಕ್ಕಳು ಮೊಬೈಲಿನಲ್ಲಿ ನೋಡಿ ಕೇಳುವ ತಿಂಡಿಗಳಲ್ಲಿ ತಣ್ಣನೆಯ, ಕೆನೆಗಟ್ಟಿದಂಥ ಪಾಸ್ತಾ ಸಲಾಡೂ ಒಂದು. ಅದನ್ನು ತೋರಿಸುವ ಹೆಚ್ಚಿನ ಮಂದಿ ಮೊದಲು ಕೈ ಹಾಕುವುದು ಮಯೊನೇಸ್ ಡಬ್ಬಿಗೆ. ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಹಿತ್ತಿಲಲ್ಲೋ ಪಾರ್ಕಿನಲ್ಲೋ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಪಕ್ಕದಲ್ಲಿ ದೊಡ್ಡ ಬೋಗುಣಿ ತುಂಬ ಈ ಸಲಾಡ್ ಇರುತ್ತದೆ. ಬಿಸಿ, ಖಾರ, ಹೊಗೆಯ ನಡುವೆ ತಂಪಾಗಿ, ಸ್ವಲ್ಪ ಹುಳಿಯಾಗಿ, ನುಣ್ಣಗೆ ಇಳಿಯುವ ಒಂದು ತುತ್ತು. ನಮ್ಮಲ್ಲಿ ಆ ಕೆಲಸಕ್ಕೆ ಮೊಸರನ್ನ ಇದೆ. ಹಾಗಾಗಿ ಈ ತಿಂಡಿಯ ಸ್ವಭಾವ ನಮಗೆ ಪರಕೀಯವೇನಲ್ಲ. ಪಾಸ್ತಾ ಎಂಬ ಒಂದು ವಸ್ತುವಿನ ಗುಣ ಗೊತ್ತಾದರೆ ಸಾಕು, ಉಳಿದದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ.

ಬಯಲಲ್ಲಿ ಒಲೆ ಹೂಡಿ ಉಣ್ಣುವುದೂ ನಮಗೆ ಹೊಸತಲ್ಲ. ಮಾದಪ್ಪನ ಬೆಟ್ಟಕ್ಕೆ ಹೋದವರು ಮೂರು ಕಲ್ಲಿಟ್ಟು ಬೇಯಿಸಿ ಪರ ಮಾಡುತ್ತಾರೆ. ಮಾರಿಹಬ್ಬದ ಬಾಡೂಟ ಮರದ ನೆರಳಲ್ಲೇ ಕುದಿಯುತ್ತದೆ. ಹಿಟ್ಟು, ಸಾರು, ಬಾಡು ಎಲ್ಲವೂ ಬಿಸಿಯೇ ಆದ ಎಲೆಯಲ್ಲಿ ಒಂದು ಮೂಲೆ ತಂಪಾಗಿರಲಿ ಅನ್ನುವವರಿಗೆ ಈ ಬರಹ.

ಇನ್ನು ಊರಿನ ಮಾತು. ತಾಳವಾಡಿ ಸೀಮೆ ತರಕಾರಿಯ ಸೀಮೆ. ಎಲೆಕೋಸು, ಆಲೂಗಡ್ಡೆ, ಬೀಟ್‌ರೂಟ್, ಟೊಮ್ಯಾಟೊ, ಬೆಳ್ಳುಳ್ಳಿ, ಜೊತೆಗೆ ರಾಗಿ, ಮುಸುಕಿನ ಜೋಳ, ಬಾಳೆ, ಕಬ್ಬು. ಅದರಲ್ಲೂ ಕೋಸೆಂದರೆ ಇಲ್ಲಿನ ರೈತನ ಜೂಜು. ಒಂದು ವಾರ ಬಂಗಾರ, ಮರುವಾರ ಕಟಾವಿನ ಕೂಲಿಯೂ ಹುಟ್ಟದೆ ಹೊಲಕ್ಕೆ ದನ ಬಿಡುವ ಸ್ಥಿತಿ. ಬಣ್ಣಾರಿಯಿಂದ ಮೇಲಿನ ಘಾಟಿ ರಸ್ತೆಯಲ್ಲಿ 2022ರ ಫೆಬ್ರುವರಿ 10ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಈ ಸೀಮೆಯ ರೈತರು ಬೀದಿಗಿಳಿದದ್ದು ಈ ತರಕಾರಿಗಾಗಿಯೇ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟ್ ಹಾಗೆ ಹೇಳಿತು, ಅದೂ ಸರಿಯೇ. ಆದರೆ ಸಂಜೆ ಕಿತ್ತ ಕೋಸು ಬೆಳಗಿನ ಜಾವ ಕೆಳಗಿನ ಮಾರುಕಟ್ಟೆ ಮುಟ್ಟಬೇಕೆನ್ನುವವನ ಪಾಡು ಬೇರೆ. ಇರಲಿ, ಅದು ಇನ್ನೊಂದು ಅಂಕಣದ ವಿಷಯ. ನಾನು ಹೇಳಹೊರಟದ್ದು ಇಷ್ಟೆ: ಇಂಥ ಊರಿನಲ್ಲಿ ಪಾಸ್ತಾ ಸಲಾಡ್ ಮಾಡುವವರು ಬೋಗುಣಿಯ ಅರ್ಧವನ್ನು ಕೋಸಿಗೆ ಬಿಟ್ಟುಕೊಡಬೇಕು. ಪಾಸ್ತಾ ಪೊಟ್ಟಣ ದೂರದ ಕಾರ್ಖಾನೆಯಿಂದ ಬರುತ್ತದೆ, ಕೋಸು ಬೇಲಿಯಾಚೆ ಇದೆ. ರುಚಿಯ ಲೆಕ್ಕದಲ್ಲೂ ಇದೇ ಲೇಸು, ಬರೀ ಪಾಸ್ತಾ ಮೂರನೇ ತುತ್ತಿಗೆ ಮಂದವಾಗುತ್ತದೆ.

ಪಾಸ್ತಾ ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ. ಡ್ಯೂರಂ ಗೋಧಿಯ ರವೆ ಎಂದು ಬರೆದಿರಬೇಕು. ಇದು ಗಡಸು ಗೋಧಿ. ನಮ್ಮ ಉತ್ತರ ಕರ್ನಾಟಕದ ಬಯಲಲ್ಲೂ ಬೆಳೆಯುತ್ತದೆ. ಧಾರವಾಡದ ಕಡೆ ಬಿಸಿಲಲ್ಲಿ ಒಣಗಿಸುವ ಶಾವಿಗೆ, ಬೆರಳಲ್ಲಿ ಹೊಸೆಯುವ ಗವಲಿ ಇವೆಲ್ಲ ಗೋಧಿ ರವೆಯದೇ ಕಸುಬು, ಪಾಸ್ತಾದ ದಾಯಾದಿಗಳು. ಗಡಸು ಗೋಧಿಯ ಪ್ರೋಟೀನು ಬೆಂದಾಗ ಬಲೆಯಂತೆ ಗಟ್ಟಿಯಾಗಿ ಪಿಷ್ಟವನ್ನು ಒಳಗೇ ಹಿಡಿದಿಡುತ್ತದೆ. ಮೈದಾದಿಂದ ಮಾಡಿದ ಅಗ್ಗದ ಮ್ಯಾಕರೋನಿಯಲ್ಲಿ ಆ ಬಲೆ ದುರ್ಬಲ. ಅದು ಕುದಿಯುವಾಗಲೇ ಅಂಟಾಗಿ, ಮೊಸರು ಬಿದ್ದೊಡನೆ ಗಂಜಿಯಾಗುತ್ತದೆ. ಬಣ್ಣವೂ ಸುಳಿವು ಕೊಡುತ್ತದೆ: ಒಳ್ಳೆಯದು ನಸುಹಳದಿ, ಮೈದಾದ್ದು ಬಿಳಿಚಿಕೊಂಡಿರುತ್ತದೆ. ಆಕಾರದಲ್ಲಿ ತಿರುಪಿನಂಥದ್ದೋ ಸಣ್ಣ ಕೊಳವೆಯದೋ ಆಗಲಿ, ಸಂದಿಗಳಲ್ಲಿ ಮೊಸರು ನಿಲ್ಲುತ್ತದೆ. ಉದ್ದನೆಯ ಎಳೆಯವು ತಣ್ಣಗಾದರೆ ಗಂಟು ಬೀಳುತ್ತವೆ. ರಾಗಿ ಪಾಸ್ತಾ ಬೇಕೆನ್ನುವವರು ಗೋಧಿ ರವೆ ಬೆರೆತದ್ದನ್ನೇ ತೆಗೆದುಕೊಳ್ಳಿ. ರಾಗಿಯಲ್ಲಿ ಆ ಬಲೆ ನೇಯುವ ಪ್ರೋಟೀನೇ ಇಲ್ಲ, ಬರೀ ರಾಗಿಯದು ಚಮಚ ತಾಗಿದರೆ ಮುರಿಯುತ್ತದೆ.

ಆರು ಮಂದಿಗೆ 250 ಗ್ರಾಂ ಪಾಸ್ತಾ ಸಾಕು, ಬೆಂದ ಮೇಲೆ ಅದು ಇಮ್ಮಡಿಗೂ ಹೆಚ್ಚು ತೂಗುತ್ತದೆ. ಎರಡೂವರೆ ಲೀಟರ್ ನೀರು ಚೆನ್ನಾಗಿ ಮರಳಬೇಕು. ಲೀಟರಿಗೆ 10 ಗ್ರಾಂನಂತೆ ಉಪ್ಪು ಹಾಕಿ. ಇದು ಜಾಸ್ತಿ ಅನ್ನಿಸಬಹುದು, ಆದರೆ ತಣ್ಣಗಾದ ತಿನಿಸಿನಲ್ಲಿ ಉಪ್ಪು ನಾಲಿಗೆಗೆ ಕಡಿಮೆ ತಿಳಿಯುತ್ತದೆ, ಮತ್ತು ಬೇಯುವಾಗ ಒಳಗೆ ಇಳಿಯದ ಉಪ್ಪು ಆಮೇಲೆ ಇಳಿಯುವುದಿಲ್ಲ. ಪೊಟ್ಟಣದ ಮೇಲೆ ಬರೆದ ನಿಮಿಷಗಳನ್ನು ಬೆಟ್ಟದವರು ಪೂರ್ತಿ ನಂಬಬಾರದು. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಹತ್ತು ನಿಮಿಷಕ್ಕೆ ಬೇಯುವುದು ಇಲ್ಲಿ ಹನ್ನೊಂದು, ಹನ್ನೆರಡು ಬೇಡುತ್ತದೆ.

ಅದರ ಮೇಲೂ ಒಂದೆರಡು ನಿಮಿಷ ಬಿಡಿ ಎನ್ನುವುದು ತಣ್ಣನೆ ಸಲಾಡಿನ ಗುಟ್ಟು. ಬಿಸಿ ಪಾಸ್ತಾ ತಿನ್ನುವವರು ನಡುವೆ ಸ್ವಲ್ಪ ಗಟ್ಟಿ ಉಳಿಯಲಿ ಅನ್ನುತ್ತಾರೆ. ತಣ್ಣಗೆ ತಿನ್ನುವುದಕ್ಕೆ ಅದು ಸಲ್ಲದು. ಬೆಂದು ಅರಳಿದ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿದುಕೊಳ್ಳುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದಾಗ ಕಾಳು ಕಾಳಾಗಿ ಗಡುಸಾಗಿರುತ್ತದಲ್ಲ, ಅದೇ ಕ್ರಿಯೆ. ಹಾಗಾಗಿ ಬಿಸಿಯಲ್ಲಿ ಕೊಂಚ ಮೆತ್ತಗೆ ಅನ್ನಿಸಿದರೆ ತಣ್ಣಗಾದಾಗ ಹದವಾಗಿರುತ್ತದೆ.

ಬಸಿದ ಮೇಲೆ ತೊಳೆಯಬೇಕೇ? ಬಿಸಿ ಅಡುಗೆಗಾದರೆ ಬೇಡ, ಇದಕ್ಕೆ ಬೇಕು. ಮೇಲ್ಮೈಯ ಗಂಜಿ ಹೋಗದಿದ್ದರೆ ತಣ್ಣಗಾಗುವಷ್ಟರಲ್ಲಿ ಒಂದೇ ಮುದ್ದೆ. ಆದರೆ ಇಲ್ಲೊಂದು ಎಚ್ಚರ: ತೊಳೆದ ಪಾಸ್ತಾ ಮತ್ತೆ ಒಲೆ ಏರುವುದಿಲ್ಲ. ಟ್ಯಾಂಕಿನ ನೀರು, ನಲ್ಲಿಯ ನೀರು ಏನಿದ್ದರೂ ಕುದಿಸಿ ಆರಿಸಿದ್ದನ್ನೇ ಬಳಸಿ. ಅಷ್ಟು ನೀರು ಕಾಯಿಸುವ ತಾಪತ್ರಯ ಬೇಡವೆಂದರೆ ಅಗಲವಾದ ತಟ್ಟೆಗೆ ಹರಡಿ, ಎರಡು ಚಮಚ ಕಡಲೆಕಾಯಿ ಎಣ್ಣೆ ಸವರಿ, ಫ್ಯಾನಿನಡಿ ಇಡಿ. ತುಪ್ಪ, ಕೊಬ್ಬರಿ ಎಣ್ಣೆ ಬೇಡ. ಎರಡೂ ತಂಪಿಗೆ ಹೆಪ್ಪುಗಟ್ಟಿ ಬಾಯಲ್ಲಿ ಮೇಣದ ಹರಳು ಸಿಕ್ಕಂತಾಗುತ್ತದೆ.

ಕೋಸಿನ ಕೆಲಸ ಪಾಸ್ತಾ ಬೇಯುವ ಮೊದಲೇ ಶುರುವಾಗಬೇಕು. ಅರ್ಧ ಸಣ್ಣ ಗಡ್ಡೆ, ಅಂದರೆ 300 ಗ್ರಾಂ. ಹೊರಗಿನ ಮೂರು ನಾಲ್ಕು ಎಲೆ ಕಿತ್ತೆಸೆಯಿರಿ. ಕೋಸು ತಿನ್ನುವ ಹುಳುವಿಗೆ ರೈತ ಹೊಡೆಯುವ ಔಷಧಿ ಹೆಚ್ಚು ಕೂರುವುದು ಅಲ್ಲೇ. ದಂಟು ತೆಗೆದು, ಎಲೆ ಬಿಡಿಸಿ, ಉಪ್ಪು ಅರಿಶಿನದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೊಳೆಯಿರಿ. ಹಸಿ ಕೋಸೆಂದರೆ ಅಂಜುವ ಅಜ್ಜಿಯರು ಮನೆಯಲ್ಲಿದ್ದರೆ ಅವರ ಮಾತು ಕೇಳಿ, ಎಲೆಗಳನ್ನು ಒಂದು ನಿಮಿಷ ಕುದಿನೀರಿಗೆ ಹಾಕಿ ತೆಗೆಯಿರಿ. ಗರಿಗರಿ ಸ್ವಲ್ಪ ಹೋಗುತ್ತದೆ, ಭಯ ಪೂರ್ತಿ ಹೋಗುತ್ತದೆ. ಆಮೇಲೆ ಎಳೆ ಎಳೆಯಾಗಿ ಹೆಚ್ಚಿ ಒಂದು ಟೀ ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ಉಪ್ಪು ಎಲೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಈಗ ಎರಡೂ ಅಂಗೈಯಲ್ಲಿ ಹಿಡಿದು ಹಿಂಡಿ. ಬಟ್ಟಲಲ್ಲಿ ನಿಲ್ಲುವ ತಿಳಿಹಸಿರು ನೀರು ನೋಡಿದರೆ, ಹಿಂಡದೆ ಹಾಕಿದವರ ಸಲಾಡ್ ಅರ್ಧ ಗಂಟೆಗೆ ಯಾಕೆ ಮಜ್ಜಿಗೆಯಾಗುತ್ತದೆ ಅನ್ನುವುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಸೌತೆಕಾಯಿ ಹಾಕುವುದಾದರೆ ಬೀಜದ ತಿರುಳು ಕೆರೆದು ಇದೇ ಮರ್ಯಾದೆ ಮಾಡಿ. ಕ್ಯಾರೆಟ್ ತುರಿಗೆ ಅಷ್ಟು ಉಪಚಾರ ಬೇಡ. ಮಾವಿನಕಾಯಿ ಸಿಕ್ಕುವ ಕಾಲ, ಸಣ್ಣಗೆ ಹೆಚ್ಚಿದ ಒಂದು ಹಿಡಿ ಹಾಕಿದರೆ ನಿಂಬೆಹಣ್ಣು ಅರ್ಧ ಉಳಿಯುತ್ತದೆ. ಬೀಟ್‌ರೂಟ್ ಮಾತ್ರ ಬೇಯಿಸಿ, ಹೆಚ್ಚಿ, ಬೇರೆ ಡಬ್ಬಿಯಲ್ಲಿಟ್ಟು ಬಡಿಸುವಾಗ ಮೇಲೆ ಉದುರಿಸಿ. ಬೆರೆಸಿದಿರೋ ಬೋಗುಣಿಯೆಲ್ಲ ಗುಲಾಬಿ. ಮಕ್ಕಳಿಗೆ ಅದೇ ಇಷ್ಟವಾದರೆ ನನ್ನ ತಕರಾರಿಲ್ಲ.

ಈಗ ಕೆನೆಯ ವಿಚಾರ. ಮಯೊನೇಸ್ ಅಂದರೆ ಎಣ್ಣೆ ಮತ್ತು ಹುಳಿನೀರಿನ ಒತ್ತಾಯದ ಮದುವೆ. ತಾವಾಗಿ ಸೇರದ ಇವೆರಡನ್ನು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನಂಶ ನಡುವೆ ನಿಂತು ಹಿಡಿದಿಡುತ್ತದೆ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬರೀ ಎಣ್ಣೆ. ಕಾರ್ಖಾನೆಯ ಡಬ್ಬಿ ಅಷ್ಟು ಅಪಾಯದ್ದಲ್ಲ, ಮೊಟ್ಟೆಯನ್ನು ಶಾಖ ಕೊಟ್ಟು ಶುದ್ಧ ಮಾಡಿರುತ್ತಾರೆ, ಹುಳಿಯೂ ಸಾಕಷ್ಟಿರುತ್ತದೆ. ಅಪಾಯ ಇರುವುದು ಮಿಕ್ಸಿಯಲ್ಲಿ ಹಸಿ ಮೊಟ್ಟೆ ತಿರುವಿ ಹೊರಗಿಟ್ಟದ್ದರಲ್ಲಿ. ಮೊಟ್ಟೆಯಿಲ್ಲದ ಮಯೊನೇಸ್ ಮನೆಯಲ್ಲೂ ಆಗುತ್ತದೆ: ತಣ್ಣನೆಯ ಹಾಲು ಒಂದು ಪಾಲು, ಎಣ್ಣೆ ಎರಡು ಪಾಲು, ಹ್ಯಾಂಡ್ ಬ್ಲೆಂಡರಿನಲ್ಲಿ ತಿರುವಿದರೆ ಹಾಲಿನ ಪ್ರೋಟೀನೇ ಗಟ್ಟಿ ಮಾಡುತ್ತದೆ. ಕೊನೆಗೆ ನಿಂಬೆರಸ. ಆದರೆ ಅಷ್ಟು ಎಣ್ಣೆ ಹೊಟ್ಟೆಗಿಳಿಸಿಕೊಂಡು ಏಪ್ರಿಲ್ ಬಿಸಿಲಲ್ಲಿ ಕೂರುವ ದರ್ದೇನು?

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಮೊದಲೇ ಇದೆ. ಮಾವಿನಹಣ್ಣಿನ ಸಾಸಿವೆ ಮಾಡುವವರಿಗೆ ಗೊತ್ತು, ಹಸಿ ಸಾಸಿವೆ ಅರೆದು ಮೊಸರಿಗೆ ಕಲಸಿದರೆ ಎಂಥ ಮಂದ ಬರುತ್ತದೆಂದು. ಸಾಸಿವೆ ಕಾಳಿನ ಸಿಪ್ಪೆಯಲ್ಲಿ ಲೋಳೆಯ ಗುಣವಿದೆ. ಹಳದಿ ಲೋಳೆ ಮಾಡುವ ಕೆಲಸವನ್ನು ಅದು ತಕ್ಕಮಟ್ಟಿಗೆ ಮಾಡುತ್ತದೆ. ಅದಕ್ಕೆ ಕಡಲೆಕಾಯಿ ಬೀಜದ ಜಿಡ್ಡು ಸೇರಿದರೆ ಮಯೊನೇಸ್ ನೆನಪೂ ಆಗುವುದಿಲ್ಲ.

ಒಂದು ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ತೂಗುಹಾಕಿ. ಬೇಸಿಗೆಯಲ್ಲಿ ಹಗಲು ಹೊರಗೆ ತೂಗಿದರೆ ವಿಪರೀತ ಹುಳಿ, ಆದ್ದರಿಂದ ಫ್ರಿಜ್ಜಿನೊಳಗೆ ಜರಡಿಯ ಮೇಲೆ ಗಂಟನ್ನಿಡಿ. ಅರ್ಧದಷ್ಟು ನೀರಾಗಿ ಇಳಿದು ಹೆಚ್ಚುಕಡಿಮೆ 500 ಗ್ರಾಂ ಉಳಿಯುತ್ತದೆ. ಇಳಿದ ತಿಳಿಯನ್ನು ಚೆಲ್ಲದೆ ಚಪಾತಿ ಹಿಟ್ಟಿಗೆ ಹಾಕಿ. ಒಂದು ಟೀ ಚಮಚ ಸಾಸಿವೆಯನ್ನು ಎರಡು ಚಮಚ ನೀರಿನಲ್ಲಿ ಕಾಲು ಗಂಟೆ ನೆನೆಸಿ. ಹುರಿದು ಸಿಪ್ಪೆ ಉಜ್ಜಿದ ಕಡಲೆಕಾಯಿ ಬೀಜ 50 ಗ್ರಾಂ, ಬೆಳ್ಳುಳ್ಳಿ ಎರಡು ಎಸಳು, ಹಸಿಮೆಣಸಿನಕಾಯಿ ಒಂದು, ಬೆಲ್ಲ ಒಂದು ಟೀ ಚಮಚ ಇವುಗಳ ಜೊತೆ ನುಣ್ಣಗೆ ಅರೆಯಿರಿ. ಮಿಕ್ಸಿ ತಿರುಗುತ್ತಿರುವಾಗಲೇ ಮೂರು ಚಮಚ ಕಡಲೆಕಾಯಿ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಡಿ. ಒಮ್ಮೆಗೇ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ. ಮೊಸರನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ನೀರಾಗುತ್ತದೆ, ಇನ್ನೂ ತಿರುವಿದರೆ ಬೆಣ್ಣೆ ಬೇರೆಯಾಗುತ್ತದೆ. ಬೋಗುಣಿಯಲ್ಲಿ ಕೈಯಿಂದಲೇ ಕಡೆದು ಅರೆದದ್ದನ್ನು ಬೆರೆಸಿ. ಉಪ್ಪು, ಕಾಳುಮೆಣಸಿನ ಪುಡಿ, ಅರ್ಧ ನಿಂಬೆ. ಅರೆದ ಸಾಸಿವೆಯ ಘಾಟು ಬಿಸಿಗೆ ಸಾಯುತ್ತದೆ, ಆದ್ದರಿಂದ ಇದನ್ನು ಬಿಸಿ ಪಾಸ್ತಾ ಹತ್ತಿರ ಸುಳಿಸಬೇಡಿ. ತೆಂಗಿನಕಾಯಿ ಅರೆದು ಹಾಕುವ ಆಸೆ ಬಂದರೆ ಮನೆಯಲ್ಲೇ ತಕ್ಷಣ ಉಣ್ಣುವ ದಿನಕ್ಕೆ ಇಟ್ಟುಕೊಳ್ಳಿ, ಬಿಸಿಲಲ್ಲಿ ಅದರಷ್ಟು ಬೇಗ ಕೆಡುವುದು ಇನ್ನೊಂದಿಲ್ಲ.

ಬೆರೆಸುವುದು ಎರಡು ಸಲ. ಆರಿದ ಪಾಸ್ತಾಗೆ ಮೊದಲು ಮೂರನೇ ಒಂದು ಭಾಗ ಮೊಸರು ಹಾಕಿ ಕಲಸಿ ಫ್ರಿಜ್ಜಿನಲ್ಲಿಡಿ. ಪಾಸ್ತಾ ತಣ್ಣಗಾಗುತ್ತಲೂ ನೀರು ಕುಡಿಯುತ್ತದೆ, ಆ ಮೊದಲ ಪಾಲು ಅದರ ಬಾಯಾರಿಕೆಗೆ. ಎರಡು ಗಂಟೆಯ ನಂತರ, ಬಡಿಸುವ ಮುಂಚೆ, ಹಿಂಡಿದ ಕೋಸು, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪಿನೊಡನೆ ಉಳಿದ ಪಾಲು ಬೆರೆಸಿ. ಆಗ ಕೆನೆ ಮೇಲೆ ನಿಲ್ಲುತ್ತದೆ. ಒಂದೇ ಸಲ ಎಲ್ಲ ಸುರಿದವರು ಬೋಗುಣಿ ತೆರೆದು, ‘ಅಷ್ಟೊಂದು ಮೊಸರು ಎಲ್ಲಿ ಹೋಯಿತು’ ಅನ್ನುತ್ತಾರೆ. ಒಗ್ಗರಣೆ ಬೇಕೇ ಬೇಕು ಅನ್ನುವ ಮನೆಗಳಲ್ಲಿ ಇಂಗು, ಕರಿಬೇವು, ಉದ್ದಿನಬೇಳೆ ಸಾಕು. ನನ್ನ ಮಟ್ಟಿಗೆ ಒಗ್ಗರಣೆ ಹಾಕಿದ ಮೇಲೆ ಅದು ಸಲಾಡಲ್ಲ, ಇನ್ನೊಂದು ಮೊಸರು ಬಜ್ಜಿ. ರುಚಿಯೇನೋ ಚೆನ್ನಾಗಿಯೇ ಇರುತ್ತದೆ.

ಬುತ್ತಿ ಕಟ್ಟುವವರಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಪ್ರಯಾಣಕ್ಕೆ ಮೊಸರನ್ನ ಕಲಸುವಾಗ ಬೆಚ್ಚಗಿನ ಅನ್ನಕ್ಕೆ ಹಾಲೇ ಹೆಚ್ಚು ಹಾಕಿ ಒಂದು ಚಮಚ ಮೊಸರು ಬಿಡುತ್ತೇವೆ. ಉಣ್ಣುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಪಾಸ್ತಾಗೂ ಹಾಗೇ ಮಾಡಬಹುದಲ್ಲ? ಬೇಡ. ಪಾಸ್ತಾ ಹಾಲು ಕುಡಿದು ಊದಿಕೊಂಡು ಪಾಯಸಕ್ಕೂ ಸಲ್ಲದಂತಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಹುಳಿ ಏರುವ ತನಕದ ಆ ಬೆಚ್ಚನೆ ಗಂಟೆಗಳು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿನೀರಿಗೂ ಸಾಯುವುದಿಲ್ಲ. ಅನ್ನ, ಪಾಸ್ತಾದಂಥ ಪಿಷ್ಟದ ತಿನಿಸು ಬೆಚ್ಚಗೆ ಉಳಿದರೆ ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. 2008ರಲ್ಲಿ ಬೆಲ್ಜಿಯಮ್ಮಿನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿದ್ದ ಸ್ಪಗೆಟಿ ಬಿಸಿ ಮಾಡಿ ತಿಂದು ಆ ರಾತ್ರಿಯೇ ತೀರಿಕೊಂಡ. ಅದು ಅಪರೂಪದ ಪ್ರಕರಣ, ಐದು ದಿನ ಯಾರೂ ಇಡುವುದಿಲ್ಲ. ಆದರೆ ವಾಂತಿ ತರಿಸಲು ಒಂದು ಮಧ್ಯಾಹ್ನದ ಬಿಸಿಲು ಸಾಕು.

ಲೆಕ್ಕ ಸುಲಭ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿ ಬ್ಯಾಕ್ಟೀರಿಯಾಗಳ ತವರು. ಕಲಸಿದ ಸಲಾಡ್ ಹೊರಗೆ ಎರಡು ಗಂಟೆ ಇರಬಹುದು, ಹವೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ತಾಳವಾಡಿ ಬೆಟ್ಟ ಕೆಳಗಿನ ಸತ್ಯಮಂಗಲಕ್ಕಿಂತ ತಂಪೆಂದು ನಾವು ಬೀಗುತ್ತೇವೆ, ಏಪ್ರಿಲ್ ಮಧ್ಯಾಹ್ನಕ್ಕೆ ಆ ಬೀಗುವಿಕೆ ನಡೆಯುವುದಿಲ್ಲ. ಒದ್ದೆ ಗೋಣಿ ಸುತ್ತಿದ ಮಡಕೆ ನೀರನ್ನು ತಣಿಸುತ್ತದೆ, ಆದರೆ 5 ಡಿಗ್ರಿಗೆ ಇಳಿಸುವ ಶಕ್ತಿ ಅದಕ್ಕಿಲ್ಲ. ಹಿಂದಿನ ರಾತ್ರಿ ನೀರಿನ ಬಾಟಲಿಗಳನ್ನು ಮಂಜುಗಡ್ಡೆ ಮಾಡಿಟ್ಟು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡಬ್ಬಿಗಳ ಮೇಲೆ ಇಡಿ. ತಂಪು ಗಾಳಿ ಕೆಳಗಿಳಿಯುವುದರಿಂದ ಮಂಜು ಮೇಲಿದ್ದರೇ ಹೆಚ್ಚು ಪ್ರಯೋಜನ. ಪಾಸ್ತಾ ಒಂದು ಡಬ್ಬಿ, ಮೊಸರು ಒಂದು, ಹಿಂಡಿದ ಕೋಸು ಇನ್ನೊಂದು. ಎಲೆ ಹಾಕಿದ ಮೇಲೆ ಬೆರೆಸಿ. ಕರಗಿದ ಬಾಟಲಿ ಕುಡಿಯಲು ಆಯಿತು.

ಇನ್ನು ಜಾಗದ ವಿಚಾರ, ಇದನ್ನು ಅಡುಗೆ ಅಂಕಣದಲ್ಲಿ ಹೇಳುವುದು ಬೇರೆ ಊರಿನವರಿಗೆ ವಿಚಿತ್ರ ಅನ್ನಿಸೀತು. ಜೀರಹಳ್ಳಿ ಎನ್ನುವುದು ಊರಿನ ಹೆಸರಷ್ಟೇ ಅಲ್ಲ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ ಹೆಸರೂ ಹೌದು. 2013ರಲ್ಲಿ ಹುಲಿ ಮೀಸಲಾದ ಕಾಡು ಹೊಲದ ಬದುವಿಗೇ ತಾಗಿದೆ. ಆನೆಗಳಿಗೆ ಕೋಸು, ಕಬ್ಬು, ಬಾಳೆಯ ರುಚಿ ಹತ್ತಿ ಎಷ್ಟೋ ಕಾಲವಾಯಿತು. ರೈತರ ಜೀವ ತೆಗೆದ ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು, ಪಳಗಿಸಿದ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ಬೇರೆ ಕಾಡಿಗೆ ಸಾಗಿಸಬೇಕಾಯಿತು. ಆದ್ದರಿಂದ ಹೊಲದ ಊಟವನ್ನು ಹಗಲಲ್ಲೇ, ಕಾಡಿನ ಅಂಚಿನಿಂದ ದೂರದಲ್ಲಿ ಇಟ್ಟುಕೊಳ್ಳಿ, ಹೊತ್ತು ಇಳಿಯುವ ಮೊದಲೇ ಒಲೆ ಆರಿಸಿ ಎದ್ದುಬಿಡಿ. ಗಂಟೆ ಮೀರಿದ ಸಲಾಡನ್ನು ಇನ್ನೊಮ್ಮೆ ತಿನ್ನಬೇಡಿ, ಹಾಗೆಂದು ಬೇಲಿಯಾಚೆ ಚೆಲ್ಲಲೂ ಬೇಡಿ. ಉಳಿದದ್ದನ್ನು, ಕೋಸಿನ ಹೊರ ಎಲೆಗಳನ್ನು, ಹರಿದ ಪೊಟ್ಟಣವನ್ನು ಎಲ್ಲ ಕಟ್ಟಿಕೊಂಡು ಬನ್ನಿ. ಎಲೆ ಮತ್ತು ಉಳಿದ ತಿನಿಸು ಮನೆಯ ತಿಪ್ಪೆಗೆ, ಪ್ಲಾಸ್ಟಿಕ್ ಪಂಚಾಯಿತಿ ಕಸದ ಗಾಡಿಗೆ.